ಕಾಲೇಜಿನಲ್ಲಿ ಪ್ರಜಾಪ್ರಭುತ್ವ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಾಲೇಜು ವಿದ್ಯಾರ್ಥಿಗಳನ್ನು ಪ್ರಜಾಪ್ರಭುತ್ವದ ಕೆಲಸದಲ್ಲಿ ತೊಡಗಿಸುವುದು ಹೇಗೆ ಎಂಬ ವಿಷಯದ ಮೇಲೆ ಕಳೆದ ಸಂಚಿಕೆಯಲ್ಲಿ ಪ್ರಶ್ನೆಗಳನ್ನು ಆಹ್ವಾನಿಸಿದ್ದೆವು. ಬೆಂಗಳೂರಿನ ಉಪನ್ಯಾಸಕರು, ವಿದ್ಯಾರ್ಥಿಗಳು, ಪೋಷಕರು ಬರೆದ ಪತ್ರಗಳಲ್ಲಿ ಕೆಲವನ್ನು ಆಯ್ದು, ಅವುಗಳ ಸಾರದೊಂದಿಗೆ ಉತ್ತರಗಳನ್ನು ಇಲ್ಲಿ ಕೊಡಲಾಗಿದೆ. ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ರಾಜಾಜಿನಗರದ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಪ್ರತಿ ವರ್ಷ ಜನವರಿ 25ರಂದು ರಾಷ್ಟ್ರೀಯ ಮತದಾರರ ದಿನ ಆಚರಿಸುತ್ತೇವೆ. ಪ್ರತಿಜ್ಞೆ, ರಂಗೋಲಿ, ಭಾಷಣ ಸ್ಪರ್ಧೆ ಎಲ್ಲವೂ ಇರುತ್ತವೆ. ಹಾಜರಾತಿ ಕೊಡುತ್ತೇವೆ ಎಂದರೆ ವಿದ್ಯಾರ್ಥಿಗಳು ಬರುತ್ತಾರೆ, ಇಲ್ಲವಾದರೆ ಸಭಾಂಗಣ ಖಾಲಿ. ಸಂವಿಧಾನ ಪತ್ರಿಕೆಯಲ್ಲಿ ಒಳ್ಳೆಯ ಅಂಕ ತೆಗೆಯುವವರಿಗೂ ಇದರಲ್ಲಿ ಒಲವಿಲ್ಲ. ಅವರಲ್ಲಿ ಆಸಕ್ತಿ ಮೂಡಿಸುವುದು ಹೇಗೆ?

ಉತ್ತರ: ನಿಮ್ಮ ವಿದ್ಯಾರ್ಥಿಗಳಿಗೆ ಆಸಕ್ತಿ ಇಲ್ಲವೆಂದು ನನಗೆ ಅನ್ನಿಸುವುದಿಲ್ಲ. ಅವರು ಕೂತು ತೀರ್ಮಾನಿಸಬೇಕಾದ ಒಂದು ವಿಷಯವನ್ನೂ ನಾವು ಅವರ ಮುಂದೆ ಇಟ್ಟಿಲ್ಲ. ಹದಿನೆಂಟು ತುಂಬಿದವರಿಗೆ ಸಂಸತ್ತನ್ನು ಆರಿಸುವ ಅಧಿಕಾರವನ್ನು 61ನೇ ತಿದ್ದುಪಡಿಯ ಮೂಲಕ ಸಂವಿಧಾನವೇ ಕೊಟ್ಟು 1989ಕ್ಕೇ ಜಾರಿಗೆ ಬಂದಾಗಿದೆ. ಆದರೆ ಅದೇ ವಿದ್ಯಾರ್ಥಿ ತನ್ನ ಕಾಲೇಜಿನ ಗ್ರಂಥಾಲಯ ಎಷ್ಟು ಗಂಟೆಗೆ ಮುಚ್ಚಬೇಕು, ತನ್ನಿಂದ ವಸೂಲಾದ ಕ್ರೀಡಾ ಶುಲ್ಕ ಎಲ್ಲಿ ಖರ್ಚಾಗಬೇಕು, ಕಿರು ಪರೀಕ್ಷೆಗಳು ಯಾವ ವಾರ ಬರಬೇಕು ಎಂಬುದರಲ್ಲಿ ಒಂದು ಮಾತು ಹೇಳುವ ಅವಕಾಶವಿಲ್ಲದೆ ಮೂರು ವರ್ಷ ಕಳೆಯುತ್ತಾನೆ. ಸಂವಿಧಾನದ ನೈತಿಕತೆ ತಾನಾಗಿ ಹುಟ್ಟುವ ಭಾವನೆಯಲ್ಲ, ಅದನ್ನು ರೂಢಿಸಿಕೊಳ್ಳಬೇಕು ಎಂದು ಡಾ. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಎಚ್ಚರಿಸಿದ್ದರು. ಪ್ರತಿಜ್ಞೆ ಓದಿಸುವುದರಿಂದ ಯಾವ ರೂಢಿಯೂ ಬೆಳೆಯುವುದಿಲ್ಲ.

ಹಾಗಾಗಿ ಈ ವರ್ಷ ಭಾಷಣ ಸ್ಪರ್ಧೆಯ ಬದಲು ಒಂದು ವಿದ್ಯಾರ್ಥಿ ಸಭೆ ನಡೆಸಿ ನೋಡಿ ಎಂಬುದು ನನ್ನ ಸಲಹೆ. ಅದಕ್ಕೆ ಸದಸ್ಯರನ್ನು ಚೀಟಿ ಎತ್ತಿ ಆರಿಸಿ. ಚುನಾವಣೆ ಇಟ್ಟರೆ ಮೈಕ್ ಹಿಡಿದು ರೂಢಿಯಾದ ನಾಲ್ಕು ಜನವೇ ಗೆದ್ದು ಬರುತ್ತಾರೆ. ಅಂಕದ ಮೇಲೆ ಆರಿಸಿದರೆ ಅಧ್ಯಾಪಕರಿಗೆ ಬೇಕಾದವರೇ ಬರುತ್ತಾರೆ. ಎಲ್ಲ ವಿಭಾಗ, ಎಲ್ಲ ವರ್ಷಗಳಿಂದ ಹಾಜರಾತಿ ಪುಸ್ತಕದ ಕ್ರಮಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಎತ್ತಿದರೆ, ಹಿಂದಿನ ಬೆಂಚಿನಲ್ಲಿ ಕೂತು ಮೂರು ವರ್ಷ ಬಾಯಿ ಬಿಡದವರೂ ಮುಂದೆ ಬರುತ್ತಾರೆ. ಇದು ಹೊಸದೇನೂ ಅಲ್ಲ. ಕಾಂಚೀಪುರದ ಹತ್ತಿರದ ಉತ್ತರಮೇರೂರಿನಲ್ಲಿ ಹತ್ತನೇ ಶತಮಾನದ ಚೋಳರ ಶಾಸನವಿದೆ. ಊರ ಸಭೆಯ ಸಮಿತಿಗಳಿಗೆ ಅರ್ಹರಾದವರ ಹೆಸರನ್ನು ಓಲೆಗಳಲ್ಲಿ ಬರೆದು ಕೊಡಕ್ಕೆ ಹಾಕಿ ಎತ್ತುತ್ತಿದ್ದ ಕ್ರಮವನ್ನು ಅದು ವಿವರವಾಗಿ ಹೇಳುತ್ತದೆ. ಜಮೀನು, ಸ್ವಂತ ಮನೆ, ವೇದಾಧ್ಯಯನ ಇದ್ದ ಗಂಡಸರಿಗಷ್ಟೇ ಆ ಕೊಡದಲ್ಲಿ ಜಾಗವಿತ್ತು ಎಂಬುದನ್ನೂ ಮರೆಯಬಾರದು. ನಮ್ಮ ಕಾಲದಲ್ಲಿ ಐರ್ಲೆಂಡ್ ಇದೇ ವಿಧಾನವನ್ನು ಎಲ್ಲ ಪ್ರಜೆಗಳಿಗೂ ತೆರೆದು ಬಳಸಿತು. 2016ರಲ್ಲಿ ಆರಂಭವಾದ ಅಲ್ಲಿನ ಪ್ರಜಾಸಭೆಯಲ್ಲಿ ಹೀಗೆ ಆಯ್ಕೆಯಾದ 99 ಮಂದಿ ಸಾಮಾನ್ಯ ಜನರಿದ್ದರು, ಅಧ್ಯಕ್ಷತೆಯನ್ನು ನ್ಯಾಯಾಧೀಶೆಯೊಬ್ಬರು ವಹಿಸಿದ್ದರು. ರಾಜಕಾರಣಿಗಳು ದಶಕಗಳ ಕಾಲ ಮುಟ್ಟಲು ಹಿಂಜರಿದಿದ್ದ ಗರ್ಭಪಾತದ ಪ್ರಶ್ನೆಯನ್ನು ಆ ಸಭೆ ಹಲವು ವಾರಾಂತ್ಯಗಳು ಕೂತು, ವೈದ್ಯರ, ವಕೀಲರ, ಪರ ವಿರೋಧ ಎರಡೂ ಕಡೆಯವರ ಮಾತು ಕೇಳಿ ಶಿಫಾರಸು ಕೊಟ್ಟಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇ 66ರಷ್ಟು ಜನ ಗರ್ಭಪಾತದ ಮೇಲಿನ ಸಾಂವಿಧಾನಿಕ ನಿಷೇಧವನ್ನು ತೆಗೆಯುವ ಪರ ಮತ ಹಾಕಿದರು. ಗರ್ಭಪಾತದ ಬಗ್ಗೆ ಓದುಗರ ನಿಲುವು ಏನೇ ಇರಲಿ, ಚೀಟಿಯಲ್ಲಿ ಬಂದ ಸಾಮಾನ್ಯರು ಕಠಿಣ ಪ್ರಶ್ನೆಯೊಂದನ್ನು ತಾಳ್ಮೆಯಿಂದ ವಿಚಾರ ಮಾಡಬಲ್ಲರು ಎಂಬುದು ಅಲ್ಲಿ ಸಾಬೀತಾಯಿತು.

ಬೆಂಗಳೂರಿನ ದಕ್ಷಿಣ ಭಾಗದ ಕಾಲೇಜೊಂದರಲ್ಲಿ ಇಂತಹ ಸಭೆಗೆ ನಾನು ವೀಕ್ಷಕನಾಗಿ ಹೋಗಿದ್ದೆ. ಮೂವತ್ತು ಮಂದಿ ಇದ್ದರು. ಚರ್ಚೆಗೆ ಇಟ್ಟಿದ್ದ ವಿಷಯ ಕ್ಯಾಂಟೀನಿನ ವೈಫೈ. ಅರ್ಧ ಗಂಟೆ ಅದೇ ಮಾತು ನಡೆದ ಮೇಲೆ, ಬೆಳಗಿನ ಹೊತ್ತು ಪಾರ್ಸೆಲ್ ತಲುಪಿಸುವ ಕೆಲಸ ಮಾಡಿ ಮಧ್ಯಾಹ್ನದ ತರಗತಿಗೆ ಬರುವ ಬಿ.ಕಾಂ. ಹುಡುಗನೊಬ್ಬ ಎದ್ದು ನಿಂತು, ‘ನನಗೆ ಲೈಬ್ರರಿಯಿಂದ ಇದುವರೆಗೆ ಒಂದು ಪುಸ್ತಕವೂ ಸಿಕ್ಕಿಲ್ಲ ಸರ್, ನಮ್ಮ ಕ್ಲಾಸ್ ಬಿಡುವ ಹೊತ್ತಿಗೆ ಬೀಗ ಹಾಕಿರುತ್ತಾರೆ’ ಎಂದ. ಸಭೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಇನ್ನೂ ಆರೇಳು ಕೈಗಳು ಮೇಲೆದ್ದವು. ಮುಂದಿನ ವಾರ ಗ್ರಂಥಪಾಲಕಿಯನ್ನೇ ಸಭೆಗೆ ಕರೆದರು. ಅವರು ಕೋಪ ಮಾಡಿಕೊಳ್ಳಲಿಲ್ಲ. ತಾವು ಒಬ್ಬರೇ ಇರುವುದು, ಸಹಾಯಕರ ಹುದ್ದೆ ಖಾಲಿ ಇರುವುದು, ವರ್ಷದ ಕೊನೆಯ ತಪಾಸಣೆಯಲ್ಲಿ ಪುಸ್ತಕ ಕಡಿಮೆ ಬಂದರೆ ಉತ್ತರ ಹೇಳಬೇಕಾದವರು ತಾವೇ ಎಂಬುದನ್ನು ದಾಖಲಾತಿ ಪುಸ್ತಕ ತೆರೆದು ತೋರಿಸಿದರು. ವಿದ್ಯಾರ್ಥಿಗಳಿಗೆ ಈ ಸಂಗತಿ ಗೊತ್ತೇ ಇರಲಿಲ್ಲ. ಎರಡು ವಾರಗಳ ಚರ್ಚೆಯ ನಂತರ, ವಾರಕ್ಕೆ ಎರಡು ದಿನ ಗ್ರಂಥಾಲಯ ಸಂಜೆ ಆರೂವರೆಯವರೆಗೆ ತೆರೆದಿರಬೇಕು, ಆ ದಿನ ಗ್ರಂಥಪಾಲಕಿ ಬೆಳಿಗ್ಗೆ ತಡವಾಗಿ ಬರಬಹುದು, ಕೌಂಟರಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಸರದಿಯಂತೆ ಕೂತು ನಮೂದಿಗೆ ಸಹಿ ಮಾಡಬೇಕು ಎಂದು ಬರೆದುಕೊಟ್ಟರು. ಪ್ರಾಂಶುಪಾಲರು ಒಂದು ಸೆಮಿಸ್ಟರ್ ಮಟ್ಟಿಗೆ ಒಪ್ಪಿದರು. ವೈಫೈ ವಿಷಯ ಅಲ್ಲಿಗೇ ನಿಂತಿತು.

ನಿಮ್ಮ ಕಾಲೇಜಿನಲ್ಲಿ ಇದನ್ನು ಮಾಡುವುದಾದರೆ ಒಂದು ಷರತ್ತನ್ನು ಮಾತ್ರ ಬಿಟ್ಟುಕೊಡಬೇಡಿ. ಸಭೆ ಕೊಡುವ ತೀರ್ಮಾನಕ್ಕೆ ಆಡಳಿತ ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಒಪ್ಪದಿದ್ದರೆ ಕಾರಣವನ್ನು ಸೂಚನಾ ಫಲಕದಲ್ಲಿ ಹಾಕಬೇಕು. ಮೊದಲೇ ಈ ಒಪ್ಪಿಗೆ ಸಿಗದಿದ್ದರೆ ಸಭೆಯನ್ನೇ ಕರೆಯದಿರುವುದು ಲೇಸು, ಏಕೆಂದರೆ ಕೇಳಿಸಿಕೊಂಡಂತೆ ಮಾಡಿ ಕೈಬಿಡುವುದರಿಂದ ಆಗುವ ಬೇಸರ ಬಹಳ ಕಾಲ ಉಳಿಯುತ್ತದೆ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಸೇರಿತು. ಸದಸ್ಯರು ಅಹವಾಲು ಹೇಳಿಕೊಳ್ಳಬಹುದಿತ್ತು, ತೀರ್ಮಾನ ಮಾತ್ರ ಸರ್ಕಾರದ್ದೇ ಆಗಿತ್ತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಇಂದಿನ ಕಾಲೇಜುಗಳ ಸಲಹಾ ಪೆಟ್ಟಿಗೆಗಳು ಅಷ್ಟರಲ್ಲೇ ನಿಂತಿರುವುದು ನನಗೆ ನೋವಿನ ವಿಷಯ.

ಇದು ಸಾಧ್ಯವಾದರೆ ಎರಡನೇ ವರ್ಷ ಸ್ವಲ್ಪ ಹಣವನ್ನೂ ಸಭೆಯ ತೀರ್ಮಾನಕ್ಕೆ ಬಿಡಿ. ಬ್ರೆಜಿಲಿನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್ಟಿನ ಒಂದು ಭಾಗವನ್ನು ಬಡಾವಣೆಯ ಜನರ ಸಭೆಗಳಲ್ಲಿ ತೀರ್ಮಾನಿಸುವ ಪದ್ಧತಿ ತಂದಿತು. ನಮ್ಮ ನೆರೆಯ ಪುಣೆ ಮಹಾನಗರಪಾಲಿಕೆಯಲ್ಲೂ 2006ರಿಂದ ನಾಗರಿಕರು ಕಾಮಗಾರಿಗಳನ್ನು ಸೂಚಿಸುವ ಕ್ರಮ ಬಂತು. ಬೆಂಗಳೂರಿನಲ್ಲಿ ಜನಾಗ್ರಹ ಸಂಸ್ಥೆಯ ‘ನನ್ನ ನಗರ ನನ್ನ ಬಜೆಟ್’ ಅಭಿಯಾನ ವಾರ್ಡುಗಳಿಂದ ಸಲಹೆಗಳನ್ನು ಸಂಗ್ರಹಿಸುತ್ತ ಬಂದಿದೆ. ಕಾಲೇಜಿನ ಮಟ್ಟದಲ್ಲಿ ಒಂದು ಲಕ್ಷ ರೂಪಾಯಿ ಸಾಕು. ಆ ಹಣದಲ್ಲಿ ಹೆಣ್ಣುಮಕ್ಕಳ ವಿಶ್ರಾಂತಿ ಕೊಠಡಿಯ ದುರಸ್ತಿಯೋ, ವಾರ್ಷಿಕೋತ್ಸವದ ಧ್ವನಿವರ್ಧಕವೋ ಎಂದು ಮೂವತ್ತು ಜನ ಕೂತು ವಾದಿಸಿ ಮುಗಿಸುವಷ್ಟರಲ್ಲಿ ನಿಮ್ಮ ಪಠ್ಯದ ಆದ್ಯತೆ, ಹಕ್ಕು, ಅಲ್ಪಸಂಖ್ಯಾತರ ರಕ್ಷಣೆ ಎಂಬ ಪಾಠಗಳಿಗೆಲ್ಲ ಉದಾಹರಣೆ ಸಿಕ್ಕಿರುತ್ತದೆ.

ಪ್ರಶ್ನೆ: ನಾನು ರಾಯಚೂರಿನವನು. ಬೆಂಗಳೂರಿನ ವಿಜಯನಗರದ ಪೇಯಿಂಗ್ ಗೆಸ್ಟ್ (ಪಿಜಿ) ವಸತಿಯಲ್ಲಿದ್ದು ಅಂತಿಮ ವರ್ಷದ ಪದವಿ ಓದುತ್ತಿದ್ದೇನೆ. ನನ್ನ ಹೆಸರು ಎಲ್ಲಿಯೂ ಮತದಾರರ ಪಟ್ಟಿಯಲ್ಲಿಲ್ಲ. ಊರಿನಲ್ಲಿ ಸೇರಿಸಬೇಕೋ ಬೆಂಗಳೂರಿನಲ್ಲೋ? ಬಾಡಿಗೆ ಕರಾರು ಪತ್ರ ಕೊಡಲು ಪಿಜಿ ಮಾಲೀಕರು ಒಪ್ಪುತ್ತಿಲ್ಲ.

ಉತ್ತರ: ಓದಿಗಾಗಿ ಹಾಸ್ಟೆಲ್ ಮುಂತಾದೆಡೆ ಇರುವ ವಿದ್ಯಾರ್ಥಿಗೆ ಎರಡೂ ಆಯ್ಕೆಗಳಿವೆ. ತಂದೆ ತಾಯಿ ಇರುವ ಊರಿನಲ್ಲಿಯೂ ಸೇರಬಹುದು, ಓದುತ್ತಿರುವ ಸ್ಥಳದಲ್ಲಿಯೂ ಸೇರಬಹುದು. ಓದುವ ಸ್ಥಳದಲ್ಲಿ ಸೇರುವುದಾದರೆ ನಿಮ್ಮ ಕೋರ್ಸು ಮಾನ್ಯತೆ ಪಡೆದದ್ದಾಗಿದ್ದು ಕನಿಷ್ಠ ಒಂದು ವರ್ಷ ಅವಧಿಯದ್ದಾಗಿರಬೇಕು. ಹೆಸರು ಸೇರಿಸುವ ಅರ್ಜಿಯಾದ ನಮೂನೆ 6ರ ಜೊತೆಗೆ ಪ್ರಾಂಶುಪಾಲರು ಅಥವಾ ಕುಲಸಚಿವರು ಸಹಿ ಮಾಡಿದ ದೃಢೀಕರಣ, ಅಂದರೆ ವಿದ್ಯಾರ್ಥಿಗಳು ‘ಬೋನಾಫೈಡ್’ ಎಂದು ಕರೆಯುವ ಪತ್ರವನ್ನು ಲಗತ್ತಿಸಬೇಕು. ಆದ್ದರಿಂದ ಕರಾರು ಪತ್ರ ಸಿಗಲಿಲ್ಲವೆಂದು ಸುಮ್ಮನಾಗದೆ, ಕಾಲೇಜಿನ ಪತ್ರ ಹಿಡಿದು ನಿಮ್ಮ ಭಾಗದ ಮತಗಟ್ಟೆ ಮಟ್ಟದ ಅಧಿಕಾರಿಯನ್ನು (ಬಿಎಲ್‌ಒ) ಕಾಣಿ. ಅವರು ಸ್ಥಳಕ್ಕೆ ಬಂದು ಪರಿಶೀಲಿಸುವಾಗ ನೀವು ಅಲ್ಲಿ ಇರುವುದು ಮುಖ್ಯ. ಎರಡೂ ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ; ಅರ್ಜಿಯಲ್ಲಿ ಸುಳ್ಳು ಘೋಷಣೆ ಮಾಡಿದರೆ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಂತೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಮುಂದೆ ಮನೆ ಬದಲಾಯಿಸಿದರೆ ನಮೂನೆ 8 ತುಂಬಿದರಾಯಿತು.

ಎಲ್ಲಿ ಎಂಬುದು ನಿಮ್ಮ ನಿರ್ಧಾರ. ವಿಧಾನಸಭೆಯ ಮತದಾರರ ಪಟ್ಟಿಯನ್ನು ಆಧರಿಸಿಯೇ ಸ್ಥಳೀಯ ಸಂಸ್ಥೆಗಳ ಪಟ್ಟಿಯೂ ಸಿದ್ಧವಾಗುತ್ತ ಬಂದಿರುವುದರಿಂದ, ವಿಜಯನಗರದಲ್ಲಿ ಸೇರಿದರೆ ಆ ವಾರ್ಡಿನ ಪ್ರತಿನಿಧಿಯನ್ನು, ಊರಿನಲ್ಲಿ ಸೇರಿದರೆ ಅಲ್ಲಿನ ಸ್ಥಳೀಯ ಸಂಸ್ಥೆಯ ಪ್ರತಿನಿಧಿಯನ್ನು ಆರಿಸುತ್ತೀರಿ. ಓದು ಮುಗಿದ ಮೇಲೂ ಇಲ್ಲಿಯೇ ಕೆಲಸ ಹುಡುಕುವ ಯೋಚನೆ ಇದ್ದರೆ ಬೆಂಗಳೂರನ್ನು ಆರಿಸಿಕೊಳ್ಳಿ ಎನ್ನುತ್ತೇನೆ, ಏಕೆಂದರೆ ನೀವು ನಿತ್ಯ ಕುಡಿಯುವ ನೀರು, ನಡೆಯುವ ರಸ್ತೆ ಇಲ್ಲಿಯದು. 2024ರ ಲೋಕಸಭಾ ಚುನಾವಣೆಯಲ್ಲಿ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಮೂರೂ ಕ್ಷೇತ್ರಗಳ ಮತದಾನ ಶೇ 53-54ರ ಆಸುಪಾಸಿನಲ್ಲಿ ನಿಂತಾಗ ಮಂಡ್ಯದಲ್ಲಿ ಶೇ 81 ದಾಟಿತ್ತು. ಬೆಂಗಳೂರಿಗರನ್ನು ಸೋಮಾರಿಗಳೆಂದು ಬೈಯುವವರು, ಪಟ್ಟಿಯಲ್ಲಿ ಹೆಸರಿದ್ದೂ ಬಾಡಿಗೆ ಮನೆ ಬದಲಾಯಿಸಿ ಎಲ್ಲೋ ಇರುವವರನ್ನೂ, ಊರಿನಲ್ಲಿ ಹೆಸರಿಟ್ಟುಕೊಂಡು ಇಲ್ಲಿ ಬಾಳುವವರನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು. ನಿಮ್ಮ ಕಿರಿಯ ಸ್ನೇಹಿತರಿಗೂ ಒಂದು ಮಾತು ಹೇಳಿ: ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು, ಮತ್ತು ಅರ್ಹತಾ ದಿನಾಂಕ ಈಗ ಜನವರಿ 1 ಒಂದೇ ಅಲ್ಲ, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಸೇರಿವೆ.

ಪ್ರಶ್ನೆ: ನಮ್ಮ ಕಾಲೇಜು ಇರುವುದು ಕೆಂಗೇರಿಯ ಕಡೆ. ಬಸ್ ನಿಲ್ದಾಣದಿಂದ ಗೇಟಿನವರೆಗಿನ ಪಾದಚಾರಿ ಮಾರ್ಗವನ್ನು ಅಗೆದು ಹಾಗೆಯೇ ಬಿಟ್ಟಿದ್ದಾರೆ. ಸಹಾಯವಾಣಿಗೆ ದೂರು ಕೊಟ್ಟರೆ ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು, ಗುಂಡಿ ಹಾಗೆಯೇ ಇದೆ. ಇದು ಯಾರ ಜವಾಬ್ದಾರಿ? ವಿದ್ಯಾರ್ಥಿಗಳಾದ ನಾವು ಏನು ಮಾಡಬಹುದು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ನಗರದ ಜನ ತಮ್ಮ ವಾರ್ಡಿನ ವಿಷಯ ಕೇಳಲು ಒಬ್ಬ ಚುನಾಯಿತ ಪ್ರತಿನಿಧಿ ಇರಬೇಕು, ವಾರ್ಡ್ ಸಮಿತಿ ಇರಬೇಕು ಎಂಬ ಆಶಯದಿಂದಲೇ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಬೆಂಗಳೂರಿನಲ್ಲಿ 2015ರ ಆಗಸ್ಟ್‌ನಲ್ಲಿ 198 ವಾರ್ಡುಗಳಿಗೆ ಚುನಾವಣೆ ನಡೆದು, ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅದಾದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರವನ್ನು ನಡೆಸಿದರು. ವಾರ್ಡುಗಳ ಗಡಿ, ಮೀಸಲಾತಿ, ಹೊಸ ಕಾಯ್ದೆ ಎಂದು ಒಂದಾದ ಮೇಲೊಂದು ಕಾರಣ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಬಂದವು. 2020ರಲ್ಲಿ ಹದಿನೆಂಟು ತುಂಬಿದ ಬೆಂಗಳೂರಿನ ಹುಡುಗಿಯೊಬ್ಬಳು ಪದವಿ ಮುಗಿಸಿ ಕೆಲಸಕ್ಕೆ ಸೇರುವವರೆಗೂ ತನ್ನ ವಾರ್ಡಿಗೆ ಒಂದು ಮತವನ್ನೂ ಹಾಕಲಾಗಲಿಲ್ಲ ಎಂಬುದು ನಾವೆಲ್ಲ ತಲೆ ತಗ್ಗಿಸಬೇಕಾದ ಮಾತು. ಪ್ರಜಾಪ್ರಭುತ್ವದಲ್ಲಿ ಯುವಕರಿಗೆ ನಂಬಿಕೆ ಕಡಿಮೆಯಾಗುತ್ತಿದೆ ಎಂದು ವಿಚಾರ ಸಂಕಿರಣಗಳಲ್ಲಿ ಕೊರಗುವವರು ಮೊದಲು ಇದನ್ನು ಗಮನಿಸಬೇಕು.

ಈಗ ನಿಮ್ಮ ಗುಂಡಿಯ ವಿಷಯ. ದೂರು ಕೊಡುವುದಕ್ಕಿಂತ ದಾಖಲೆ ಕೇಳುವುದು ಹೆಚ್ಚು ಕೆಲಸ ಮಾಡುತ್ತದೆ. ಮಾಹಿತಿ ಹಕ್ಕು ಕಾಯ್ದೆ 2005ರಡಿ ಅರ್ಜಿ ಹಾಕಲು ವಯಸ್ಸಿನ ಮಿತಿ ಇಲ್ಲ, ಕಾರಣ ಹೇಳಬೇಕಾಗಿಲ್ಲ, ಕನ್ನಡದಲ್ಲಿ ಬರೆಯಬಹುದು, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು ಎಂಬುದನ್ನು ನೆನಪಿಡಿ. ಬಹಳಷ್ಟು ಅರ್ಜಿಗಳು ಇಲ್ಲಿಯೇ ತಿರಸ್ಕಾರವಾಗುತ್ತವೆ. ‘ಗುಂಡಿ ಏಕೆ ಮುಚ್ಚಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಇಂಥ ರಸ್ತೆಯ ಇಂಥ ಕಂಬದಿಂದ ಇಂಥ ಗೇಟಿನವರೆಗೆ ಅಗೆಯಲು ಅನುಮತಿ ಪಡೆದ ಸಂಸ್ಥೆ ಯಾವುದು, ಅನುಮತಿ ಪತ್ರದ ಪ್ರತಿ, ಪಾದಚಾರಿ ಮಾರ್ಗದ ಕೊನೆಯ ಕಾಮಗಾರಿಯ ಕಾರ್ಯಾದೇಶ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಸಂಬಂಧಿಸಿದ ಪುಟಗಳು, ಗುತ್ತಿಗೆದಾರರ ದೋಷ ಹೊಣೆಗಾರಿಕೆಯ ಅವಧಿ ಮುಗಿಯುವ ದಿನಾಂಕ, ಇಷ್ಟನ್ನು ಕೇಳಿ. ಹೊಣೆಗಾರಿಕೆ ಅವಧಿ ಇನ್ನೂ ಮುಗಿದಿಲ್ಲವೆಂದು ತಿಳಿದರೆ ದುರಸ್ತಿಯ ಖರ್ಚು ಗುತ್ತಿಗೆದಾರರದ್ದು, ಅದನ್ನು ಮಾಡಿಸುವುದು ವಾರ್ಡಿನ ಎಂಜಿನಿಯರ್ ಕೆಲಸ. ಅದೇ ಕಾಯ್ದೆಯಲ್ಲಿ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ ಹಕ್ಕೂ ಇದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಅಳತೆ ಪುಸ್ತಕದ ಪ್ರತಿ ಕೈಯಲ್ಲಿ ಹಿಡಿದು, ಟೇಪು ಹಿಡಿದ ನಾಲ್ಕು ಸಹಪಾಠಿಗಳೊಂದಿಗೆ ಆ ದಾರಿಯಲ್ಲಿ ನಡೆಯಿರಿ. ಕಾಗದದಲ್ಲಿ ಇರುವ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ಹೊಂದಿಕೆಯಾಗುತ್ತದೆಯೇ ಎಂದು ನೋಡಿದ ದಿನ ನಿಮಗೆ ಆಡಳಿತ ಎಂದರೇನು ಎಂಬುದು ಪುಸ್ತಕ ಓದಿದ್ದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಮೂವತ್ತು ದಿನದೊಳಗೆ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಅದಕ್ಕೂ ಆಗದಿದ್ದರೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಇದು ನಿಧಾನದ ದಾರಿ. ನಿಮ್ಮ ತಂಡದಲ್ಲಿ ಅಂತಿಮ ವರ್ಷದವರು ಮಾತ್ರ ಇರದಂತೆ ನೋಡಿಕೊಳ್ಳಿ, ಕಡತ ಕಿರಿಯರ ಕೈಗೆ ಹೋಗಬೇಕಾಗುತ್ತದೆ.

ಪ್ರಶ್ನೆ: ನನ್ನ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಇತ್ತೀಚೆಗೆ ಸಭೆ, ಪ್ರತಿಭಟನೆ ಎಂದು ಫ್ರೀಡಂ ಪಾರ್ಕಿಗೂ ಹೋಗಿ ಬಂದಿದ್ದಾಳೆ. ನಮ್ಮ ಕಾಲದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳಲ್ಲಿ ನಡೆದ ಹೊಡೆದಾಟಗಳನ್ನು ಕಣ್ಣಾರೆ ಕಂಡಿದ್ದೇನೆ. ಓದುವ ಮಕ್ಕಳಿಗೆ ರಾಜಕೀಯ ಏಕೆ ಬೇಕು?

ಉತ್ತರ: ನಿಮ್ಮ ಆತಂಕವನ್ನು ಹಗುರವಾಗಿ ಕಾಣಲಾರೆ. ವಿದ್ಯಾರ್ಥಿ ಚುನಾವಣೆಗಳಲ್ಲಿ ಹಣ, ಜಾತಿ, ತೋಳ್ಬಲಗಳು ನುಗ್ಗಿದ್ದು ನಿಜ. ಕರ್ನಾಟಕದಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕಾಲೇಜುಗಳಲ್ಲಿ ನೇರ ಚುನಾವಣೆ ನಿಂತುಹೋಗಲು ಅದೇ ಕಾರಣವಾಯಿತು. ಹಾಸ್ಟೆಲಿನ ಊಟದ ಶುಲ್ಕ ಏರಿಕೆಯ ವಿರುದ್ಧ 1973ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಆರಂಭವಾದ ಗಲಾಟೆ ನವನಿರ್ಮಾಣ ಚಳವಳಿಯಾಗಿ ಬೆಳೆದು, ಎರಡೇ ತಿಂಗಳಲ್ಲಿ ಗುಜರಾತಿನ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಆ ಅವಧಿಯಲ್ಲಿ ಹಿಂಸೆಯೂ ನಡೆಯಿತು, ಜೀವಗಳೂ ಹೋದವು. ಎರಡನ್ನೂ ಒಟ್ಟಿಗೇ ನೆನಪಿಡಬೇಕು.

ಆದರೆ ಹೊಡೆದಾಟ ನಿಲ್ಲಿಸಲೆಂದು ಚುನಾವಣೆಯನ್ನೇ ನಿಲ್ಲಿಸಿದ್ದರಿಂದ ನಮಗೆ ಸಿಕ್ಕಿದ್ದೇನು ಎಂಬುದನ್ನೂ ಕೇಳಿಕೊಳ್ಳಬೇಕು. ಹಣ ಮತ್ತು ಜಾತಿ ಎಲ್ಲಿಗೂ ಹೋಗಲಿಲ್ಲ. ಸಣ್ಣ ಕಣದಲ್ಲಿ ಸೋತು, ಸೋಲನ್ನು ಒಪ್ಪಿ, ಮರುದಿನ ಗೆದ್ದವರ ಜೊತೆ ಅದೇ ಬೆಂಚಿನಲ್ಲಿ ಕೂರುವ ಅಭ್ಯಾಸವಿಲ್ಲದೆಯೇ ಎರಡು ತಲೆಮಾರು ಹೊರಗೆ ಬಂತು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೊ ಅವರ ಸಮಿತಿ 2006ರಲ್ಲಿ ಕೊಟ್ಟ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ಜಾರಿಗೊಳಿಸುವಂತೆ ಆದೇಶಿಸಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಮುದ್ರಿತ ಪೋಸ್ಟರ್ ಇರಬಾರದು, ಕನಿಷ್ಠ ಹಾಜರಾತಿ ಇರಬೇಕು, ಇಡೀ ಪ್ರಕ್ರಿಯೆ ಹತ್ತು ದಿನದಲ್ಲಿ ಮುಗಿಯಬೇಕು, ರಾಜಕೀಯ ಪಕ್ಷಗಳು ದೂರವಿರಬೇಕು ಎಂಬ ಕಟ್ಟುಪಾಡುಗಳು ಅದರಲ್ಲಿವೆ. ಇವುಗಳಲ್ಲಿ ಕೆಲವು ವಿಪರೀತ ಬಿಗಿ ಎಂಬ ಟೀಕೆ ಇದೆ, ಪಕ್ಷಗಳನ್ನು ಪೂರ್ತಿ ದೂರವಿಡುವುದು ಕಾರ್ಯಸಾಧ್ಯವೇ ಎಂಬ ಅನುಮಾನ ನನಗೂ ಇದೆ. ಆದರೂ ಹಿಂಸೆಯಿಲ್ಲದ ಚುನಾವಣೆಗೆ ಒಂದು ಚೌಕಟ್ಟು ಸಿದ್ಧವಿರುವಾಗ ಭಯವೊಂದನ್ನೇ ಮುಂದಿಟ್ಟುಕೊಂಡು ಕೂರುವುದು ಸರಿಯಲ್ಲ.

ಮಗಳ ವಿಷಯದಲ್ಲಿ ನನ್ನ ಸಲಹೆ ಇಷ್ಟು. ಹೋಗಬೇಡ ಎನ್ನುವ ಬದಲು, ಆ ಸಭೆ ಕರೆದವರು ಯಾರು, ಅನುಮತಿ ಪಡೆದಿದ್ದಾರೆಯೇ, ಬೇಡಿಕೆ ಏನು, ಅದನ್ನು ಈಡೇರಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂದು ಊಟಕ್ಕೆ ಕೂತಾಗ ಕೇಳಿ. ಅವಳಿಗೆ ಉತ್ತರ ಗೊತ್ತಿದ್ದರೆ ನೀವು ಹೆಮ್ಮೆಪಡಬಹುದು. ಗೊತ್ತಿಲ್ಲದಿದ್ದರೆ ಮುಂದಿನ ಸಲ ತಿಳಿದುಕೊಂಡು ಹೋಗುತ್ತಾಳೆ. ಸಾಧ್ಯವಾದರೆ ಒಮ್ಮೆ ಜೊತೆಗೆ ಹೋಗಿ ಬನ್ನಿ.

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ಒಂದು ರೀಲ್ ಲಕ್ಷ ಜನರನ್ನು ತಲುಪುತ್ತದೆ. ಸಭೆ, ಅರ್ಜಿ ಇವೆಲ್ಲ ಹಳೆಯ ಕ್ರಮಗಳಲ್ಲವೇ? (ಮಾಧ್ಯಮ ವಿದ್ಯಾರ್ಥಿನಿ, ಯಲಹಂಕ)

ಉತ್ತರ: ತಲುಪುವುದು ಒಳ್ಳೆಯದೇ, ಆದರೆ ಅದು ಅರ್ಧ ಕೆಲಸ. ಚಾಲುಕ್ಯ ವೃತ್ತದ ಕಡೆಯಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲ್ಸೇತುವೆ ಕಟ್ಟುವ ಯೋಜನೆ ಬಂದಾಗ ‘ಬೇಡ’ ಎಂಬ ಒಂದು ಪದ ಜಾಲತಾಣಗಳಲ್ಲೆಲ್ಲ ಹರಡಿತು. ಯೋಜನೆ ನಿಂತದ್ದು ಆ ಪದದಿಂದ ಮಾತ್ರ ಅಲ್ಲ. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ರಸ್ತೆಯುದ್ದಕ್ಕೂ ಮಾನವ ಸರಪಳಿಯಾಗಿ ನಿಂತರು, ಇನ್ನು ಕೆಲವರು ನ್ಯಾಯಾಂಗದ ದಾರಿ ಹಿಡಿದರು, ಕಡಿಯಬೇಕಾದ ಮರಗಳ ಲೆಕ್ಕವನ್ನು, ಯೋಜನೆಯ ಖರ್ಚನ್ನು ಜನರ ಮುಂದಿಟ್ಟರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ನಿಮ್ಮ ರೀಲಿನ ಕೊನೆಯಲ್ಲಿ ನೋಡುಗರು ಯಾವ ಕಚೇರಿಗೆ, ಯಾವ ದಿನದೊಳಗೆ, ಏನನ್ನು ಬರೆಯಬೇಕು ಎಂಬುದನ್ನು ಹೇಳಿ. ಕೆರೆ, ಬಸ್ಸು, ಮೆಟ್ರೊ ಎಂದು ಯಾವ ಕರಡು ಪ್ರಕಟವಾದರೂ ಆಕ್ಷೇಪಣೆಗೆ ಗಡುವು ಇರುತ್ತದೆ. ಆ ಗಡುವನ್ನು ಜನರಿಗೆ ಸಮಯಕ್ಕೆ ತಲುಪಿಸಿದರೆ ನಿಮ್ಮ ಓದಿನ ಸಾರ್ಥಕ ಬಳಕೆಯಾದಂತೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿ ವೇದಿಕೆ ಇದೆ. ಆದರೆ ಮಾತನಾಡುವವರು ಇಂಗ್ಲಿಷ್ ಬಲ್ಲ ನಗರದ ಹುಡುಗರು. ಹೆಣ್ಣುಮಕ್ಕಳು, ಹಳ್ಳಿಯಿಂದ ಬಂದವರು, ಹಾಸ್ಟೆಲಿನವರು ಮೂಲೆಯಲ್ಲಿರುತ್ತಾರೆ. ಜಾತಿವಾರು ಗುಂಪುಗಳೂ ಇವೆ. ಎಲ್ಲರೂ ಮಾತನಾಡುವಂತೆ ಮಾಡುವುದು ಹೇಗೆ? (ಪ್ರಾಂಶುಪಾಲರು, ಸರ್ಕಾರಿ ಪ್ರಥಮ ದರ್ಜೆ ಕಾಲೇಜು)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞತೆ ಹೇಳುತ್ತೇನೆ. ವೇದಿಕೆ ತೆರೆದಿದ್ದೇವೆ, ಬರುವವರು ಬರಲಿ ಎಂದು ಬಿಟ್ಟರೆ ಹೊರಗಿನ ಸಮಾಜದ ಮೇಲು ಕೀಳು ಹಾಗೆಯೇ ಒಳಗೆ ಬಂದು ಕೂರುತ್ತದೆ. ಕರ್ನಾಟಕಕ್ಕೆ ಇದು ಮೊದಲೇ ತಿಳಿದಿದೆ. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಮಹಿಳೆಯರಿಗೆ ಶೇ 25ರಷ್ಟು ಸ್ಥಾನಗಳನ್ನು ಮೀಸಲಿಡಲಾಗಿತ್ತು. ಇಡೀ ದೇಶಕ್ಕೆ 73ನೇ ತಿದ್ದುಪಡಿಯಿಂದ ಮೂರನೇ ಒಂದು ಭಾಗದ ಮೀಸಲಾತಿ ಬಂದದ್ದು ಅದಾದ ಆರು ವರ್ಷದ ಮೇಲೆ. ಹೆಂಗಸರು ತಾವಾಗಿ ಮುಂದೆ ಬರಲಿ ಎಂದು ಕಾಯ್ದಿದ್ದರೆ ಇಂದಿಗೂ ಕಾಯುತ್ತಿರುತ್ತಿದ್ದೆವು.

ಆದ್ದರಿಂದ ನಿಮ್ಮ ವೇದಿಕೆಯಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗಿರಲಿ, ಹಾಸ್ಟೆಲಿನವರಿಗೂ ದಿನಾ ಬಸ್ಸಿನಲ್ಲಿ ಬರುವವರಿಗೂ ಪ್ರತ್ಯೇಕ ಪಾಲಿರಲಿ, ಆ ಪಾಲಿನೊಳಗೆ ಚೀಟಿ ಎತ್ತಿ. ಸಭೆ ಕನ್ನಡದಲ್ಲಿ ನಡೆಯಲಿ. ಉರ್ದು, ತೆಲುಗು, ತಮಿಳು, ಹಿಂದಿ ಮಾತ್ರ ಸರಾಗವಾಗಿ ಬರುವವರ ಮಾತನ್ನು ಪಕ್ಕದವರು ಕನ್ನಡಕ್ಕೆ ತಿಳಿಸಲಿ, ಬೆಂಗಳೂರಿನ ತರಗತಿಯಲ್ಲಿ ಅಂಥವರು ಇದ್ದೇ ಇರುತ್ತಾರೆ. ಮೊದಲ ಸುತ್ತಿನಲ್ಲಿ ಎಲ್ಲರೂ ಎರಡೆರಡು ನಿಮಿಷ ಮಾತನಾಡುವವರೆಗೆ ಯಾರಿಗೂ ಎರಡನೇ ಸರದಿ ಕೊಡಬೇಡಿ. ಮಾತು ಹೊರಡದವರು ತಮ್ಮ ಅಭಿಪ್ರಾಯವನ್ನು ಬರೆದುಕೊಡಲಿ, ಅದನ್ನು ಅಧ್ಯಕ್ಷರು ಗಟ್ಟಿಯಾಗಿ ಓದಲಿ. ಅಧ್ಯಕ್ಷರ ಸ್ಥಾನ ಪ್ರತಿ ಸಭೆಗೂ ಬದಲಾಗಲಿ. ಅಧ್ಯಾಪಕರು ಹಿಂದಿನ ಸಾಲಿನಲ್ಲಿ ಕೂರಲಿ, ನೀವೂ ಸಹ.

ಜಾತಿವಾರು ಗುಂಪುಗಳನ್ನು ಒಡೆಯಲು ಉಪದೇಶಕ್ಕಿಂತ ಜಂಟಿ ಕೆಲಸ ಹೆಚ್ಚು ಉಪಯೋಗಕ್ಕೆ ಬರುತ್ತದೆ. ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆಗಳ ಸೇವೆ, ಏಳು ದಿನದ ವಿಶೇಷ ಶಿಬಿರ ಹೇಗೂ ಇವೆ. ಬಹಳಷ್ಟು ಕಡೆ ಆ ಗಂಟೆಗಳು ಕಸ ಗುಡಿಸುವುದರಲ್ಲಿ, ಗಿಡ ನೆಡುವುದರಲ್ಲಿ ಮುಗಿಯುತ್ತವೆ. ಶಿಬಿರಕ್ಕೆ ಆರಿಸಿಕೊಂಡ ಹಳ್ಳಿಯಲ್ಲಿ ಗ್ರಾಮ ಸಭೆ ನಡೆಯುವ ದಿನಕ್ಕೆ ಹೊಂದಿಸಿ ಶಿಬಿರ ಇಡಿ. ಹಿಂದಿನ ಸಭೆಯ ನಡಾವಳಿ ಪುಸ್ತಕವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ಕೇಳಿ ಪಡೆದು, ಅಲ್ಲಿ ಬರೆದ ತೀರ್ಮಾನಗಳಲ್ಲಿ ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಬೇರೆ ಬೇರೆ ಗುಂಪಿನ ಇಬ್ಬಿಬ್ಬರನ್ನು ಜೋಡಿ ಮಾಡಿ ಮನೆಮನೆಗೆ ಕಳುಹಿಸಿ. ಸಂಜೆ ಹಿಂತಿರುಗಿ ಜೋಡಿಗಳು ವರದಿ ಹೇಳುವಾಗ ಯಾರು ಮಾತನಾಡುತ್ತಾರೆ ಎಂಬುದನ್ನು ಗಮನಿಸಿ, ನಿಮ್ಮ ವೇದಿಕೆಯ ಮುಂದಿನ ಸಭೆಗೆ ಅವರನ್ನೇ ವಿಷಯ ಮಂಡಿಸಲು ಕರೆಯಿರಿ. ನಜೀರ್ ಸಾಬ್ ಅವರ ಹೆಸರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ಮೈಸೂರಿನಲ್ಲಿದೆ. ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಕೆಲಸ ಅಲ್ಲಿ ನಡೆಯುತ್ತದೆ. ಶಿಬಿರಕ್ಕೆ ಮೊದಲು ನಿಮ್ಮ ಯೋಜನಾಧಿಕಾರಿಗಳು ಅಲ್ಲಿಗೆ ಬರೆದು ತರಬೇತಿಯ ಕನ್ನಡ ಸಾಮಗ್ರಿಯನ್ನು ಕೇಳಲಿ.